ಮಸಿಗುಡ್ಡೆಯ ಚೌಡಿ

ಕೆಳಕೊಪ್ಪ, ಹೊಸನಗರ ತಾಲ್ಲೂಕು
೧೧ ಫೆಬ್ರವರಿ ೨೦೨೪

ಹೂವಜ್ಜಿಗೆ ಸ್ವಪ್ನಾಳ ನಮಸ್ಕಾರ.

ಯಾವ ಸ್ವಪ್ನಾ ಎಂದು ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಅಣ್ಣ ದುಗ್ಗಪ್ಪಜ್ಜನ ಮೊಮ್ಮಗ ಗೌತಮ್‌ನ ಹೆಂಡತಿ. ಹೋದ ತಿಂಗಳು ಸಾಗರದ ಮದುವೆಯಲ್ಲಿ ನಿಮ್ಮ ಪಕ್ಕದ ಎಲೆಗೆ ಕೂತಿದ್ದೆ. ವಾಲಗದ ಗದ್ದಲದಲ್ಲಿ ನಾನು ಏನು ಕೇಳಿದರೂ ನೀವು ನಕ್ಕು ತಲೆ ಅಲ್ಲಾಡಿಸಿದಿರಿ. ಕೊನೆಗೆ ಕೈ ತೊಳೆಯುವಾಗ, "ನಂಗೆ ಕಿವಿ ಪೂರ್ತಿ ಹೋಗಿದೆ ಮಗಾ. ಫೋನ್ ಮಾಡಿದ್ರೂ ಒಂದೇ, ಗೋಡೆಗ್ ಹೇಳಿದ್ರೂ ಒಂದೇ. ಕೇಳೋದಿದ್ರೆ ಕಾಗದ ಬರಿ, ಓದ್ತೀನಿ" ಅಂದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಇವರು ನಗುತ್ತಿದ್ದಾರೆ. ಈ ಕಾಲದಲ್ಲಿ ಹೊಸನಗರಕ್ಕೆ ಹೋಗಿ ಅಂಚೆಚೀಟಿ ಕೊಂಡುತಂದವಳು ನೀನೊಬ್ಬಳೇ ಇರಬೇಕು ಅನ್ನುತ್ತಾರೆ.

ಕೇಳಬೇಕಾಗಿದ್ದು ಮಸಿಗುಡ್ಡೆಯ ವಿಚಾರ. ನಾನು ಮೇಳಿಗೆ ಕಡೆಯವಳು. ನಮ್ಮಲ್ಲಿ ಗುಡ್ಡ ಅಂದರೆ ಗುಡ್ಡ. ಅದಕ್ಕೊಂದು ನೆತ್ತಿ, ಎರಡು ಮಗ್ಗುಲು. ಇಲ್ಲಿ ಮನೆ ಹಿಂದಿನ ಗುಡ್ಡ ಹಾಗಿಲ್ಲ. ಮದುವೆಯಾಗಿ ಬಂದ ದಿನದಿಂದ, ದನ ಹೊಡೆದುಕೊಂಡು ಹೋದಾಗೆಲ್ಲ ಏನಾದರೊಂದು ಕಣ್ಣಿಗೆ ಬೀಳುತ್ತದೆ. ಒಂದು ಮಗ್ಗುಲನ್ನು ಯಾರೋ ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾರೆ. ಚೌಕದ ಗುಂಡಿಗಳಿವೆ, ಕೆರೆಯಲ್ಲ, ಬಾವಿಯಲ್ಲ. ಕಾಡು ಎಂದು ಹೇಳುತ್ತಾರೆ, ಆದರೆ ತೋಳಿನ ತೆಕ್ಕೆಗೆ ಮೀರಿದ ಮರ ಒಂದೂ ಇಲ್ಲ. ಎಲ್ಲ ಒಂದೇ ತರಗತಿಯ ಮಕ್ಕಳ ಹಾಗೆ ಒಂದೇ ಎತ್ತರ. ಅದರ ನಡುವೆ ಸಾಲಾಗಿ ಮಾವಿನ ಮರಗಳು. ಯಾರು ನೆಟ್ಟದ್ದು? ಕಲ್ಲು ಮುಟ್ಟಿದರೆ ಕೈ ಕಪ್ಪಾಗುತ್ತದೆ. ನಮ್ಮ ಕೊಟ್ಟಿಗೆಯ ತೊಲೆ ನೋಡಿದರೆ ಮರವೇ ಅಲ್ಲ, ರೈಲು ಕಂಬಿ! ರೈಲೇ ಕಾಣದ ಊರಿನಲ್ಲಿ. ಯಾರನ್ನು ಕೇಳಿದರೂ "ಅದಾ? ಕಂಪ್ನಿ ಕಾಲದ್ದು" ಅಂದು ಮುಂದೆ ಹೋಗುತ್ತಾರೆ. ಯಾವ ಕಂಪನಿ, ಯಾವ ಕಾಲ, ಯಾರಿಗೂ ಬೇಡ.

ಇನ್ನೊಂದು. ಗುಡ್ಡದ ಬುಡದಲ್ಲಿ ಚೌಡಿ ಇದ್ದಾಳಲ್ಲ, ಹೋಗುವವರು ಬರುವವರೆಲ್ಲ ಒಂದು ಹಸಿರು ಟೊಂಗೆ ಇಟ್ಟು ಕೈಮುಗಿಯುವ ಜಾಗ. ಚೌಡಿ ಕಲ್ಲಿನ ಹಿಂದೆ ಸೊಪ್ಪಿನ ರಾಶಿ ಆಳೆತ್ತರ ಬೆಳೆದಿದೆ. ನಾನೂ ಹಾಕುತ್ತೇನೆ. ಮೊನ್ನೆ ಟೊಂಗೆ ಇಡಲು ಬಗ್ಗಿದಾಗ ರಾಶಿಯ ಮೇಲ್ಗಡೆಯಿಂದ ತಣ್ಣಗೆ ಗಾಳಿ ಬಂದು ಮುಖಕ್ಕೆ ತಾಗಿತು. ಮಟಮಟ ಮಧ್ಯಾಹ್ನ, ಎಲೆ ಅಲ್ಲಾಡದ ಹೊತ್ತು. ಅದು ಎಲ್ಲಿಂದ ಬಂತು ಅಜ್ಜಿ?

ನೀವು ಹುಟ್ಟಿ ಬೆಳೆದ ಊರು. ನಿಮಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ನಿಮ್ಮ
ಸ್ವಪ್ನಾ


ಸಾಗರ
೨೦ ಫೆಬ್ರವರಿ ೨೦೨೪

ಸ್ವಪ್ನಾಗೆ ಹೂವಮ್ಮನ ಆಶೀರ್ವಾದ.

ಇಲ್ಲಿ ಮಗ ರವಿಶಂಕರ, ಸೊಸೆ, ಮೊಮ್ಮಕ್ಕಳು ಎಲ್ಲ ಚೆನ್ನಾಗಿದ್ದಾರೆ, ನನ್ನ ಮಂಡಿ ಒಂದನ್ನು ಬಿಟ್ಟು. ನಿನ್ನ ಕಾಗದ ಬಂದಾಗ ಮನೆಯವರು ಕೋರ್ಟಿನ ನೋಟೀಸು ಎಂದು ಹೆದರಿದರು. ನಾನು ಬಾಗಿಲಲ್ಲೇ ಕೂತು ಓದಿ, ಒಳಗೆ ಹೋಗಿ ಮತ್ತೊಮ್ಮೆ ಓದಿದೆ. ಈ ವಯಸ್ಸಿನಲ್ಲಿ ನಮ್ಮನ್ನು ಯಾರಾದರೂ ಏನಾದರೂ ಕೇಳಿದರೆ ಎಷ್ಟು ಖುಷಿಯಾಗುತ್ತದೆ ಗೊತ್ತಾ? ಎಲ್ಲರೂ "ಮಾತ್ರೆ ತಗೊಂಡ್ಯಾ" ಅಂತ ಅದೊಂದೇ ಕೇಳುವುದು, ಅದೂ ಕೈಸನ್ನೆಯಲ್ಲಿ.

ನಿನ್ನ ಪ್ರಶ್ನೆಗಳಿಗೆಲ್ಲ ಒಂದೇ ಉತ್ತರ, ಯುದ್ಧ. ಜರ್ಮನಿ, ಜಪಾನಿನವರ ಯುದ್ಧ. ಅದು ಎಲ್ಲೋ ನಡೆಯಿತು, ಬೋಳಾದದ್ದು ನಮ್ಮ ಗುಡ್ಡ. ಆ ಕಪ್ಪು ಕಲ್ಲು ಮ್ಯಾಂಗನೀಸು. ಉಕ್ಕಿಗೆ ಬೆರೆಸಬೇಕಂತೆ, ಫಿರಂಗಿ ಮಾಡಲು. ಕಂಪನಿಯವರು ಬಂದು ಮೆಟ್ಟಿಲು ಮೆಟ್ಟಿಲಾಗಿ ಕಡಿದರು. ಚೌಕದ ಗುಂಡಿ, ಅದಿರು ಎಲ್ಲಿದೆ ಎಂದು ನೋಡಲು ತೋಡಿದ್ದು. ಕಂಬಿಯ ಮೇಲೆ ಓಡುತ್ತಿದ್ದದ್ದು ರೈಲಲ್ಲ, ಜನ ತಳ್ಳುವ ಗಾಡಿ. ಮರವನ್ನೂ ಬಿಡಲಿಲ್ಲ. ಇಷ್ಟು ಕಾಡು ಇಷ್ಟು ದಿನದಲ್ಲಿ ಎಂದು ಕೂಪು ಗುರುತು ಹಾಕಿ, ಕಡಿದು, ಆನೆ ಕಟ್ಟಿ ಎಳೆಸಿ, ರೈಲು ಹಳಿಯ ಕೆಳಗೆ ಹಾಕುವ ದಿಮ್ಮಿ ಮಾಡಿ ಸಾಗಿಸಿದರು. ಪೆಟ್ರೋಲು ಸಿಗದೆ ಲಾರಿಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವಂತೆ, ಆ ಇದ್ದಿಲಿಗೂ ನಮ್ಮದೇ ಮರ. ಮಾವಿನ ಸಾಲು ಯಾರೂ ನೆಟ್ಟದ್ದಲ್ಲ. ಅಲ್ಲಿ ಕೂಲಿಯವರ ಲೈನ್‌ಮನೆ ಇತ್ತು. ತಿಂದು ಬಾಗಿಲ ಮುಂದೆ ಎಸೆದ ಗೊರಟೆಗಳು ಅವು.

ಇದರಲ್ಲಿ ಅರ್ಧ ನನ್ನ ಅವ್ವ ಬಂಗಾರಮ್ಮ ಹೇಳಿದ್ದು. ಯುದ್ಧ ಮುಗಿದಾಗ ನಾನು ತೊಟ್ಟಿಲಲ್ಲಿದ್ದೆ. ಕಣ್ಣಾರೆ ಕಂಡದ್ದು ಆಮೇಲಿನದ್ದು. ಯುದ್ಧ ನಿಂತಮೇಲೆ ಕಲ್ಲು ಯಾರಿಗೂ ಬೇಡವಾಯಿತು. ಮೊದಲು ಸಾಹೇಬ ಹೋದ, ಆಮೇಲೆ ರೈಟರು, ಆಮೇಲೆ ಆನೆ. ಮುಂದಿನ ತಿಂಗಳು ಬರುತ್ತೇವೆ ಎಂದು ಹೇಳಿ ಹೋದವರು. ನನ್ನ ಅಪ್ಪ ಮಾಸ್ತಪ್ಪ ಎಷ್ಟೋ ವರ್ಷ ಲಾರಿ ಸದ್ದಾದರೆ ಎದ್ದು ನಿಲ್ಲುತ್ತಿದ್ದ. ಮಳೆಗಾಲದಲ್ಲಿ ಹಳ್ಳ ಕಪ್ಪಗೆ ಹರಿದು ಗದ್ದೆಗೆಲ್ಲ ಮಸಿ ತುಂಬುತ್ತಿತ್ತು. ಅಂಗಳದಲ್ಲಿ ನಿಂತರೆ ಕವಲೇದುರ್ಗದ ಕೋಟೆ ಕಾಣುತ್ತಿತ್ತು, ಅಡ್ಡ ಬರಲು ಮರವೇ ಇಲ್ಲವಲ್ಲ. ನಾನು ಅದನ್ನೇ ಚಂದ ಅಂದುಕೊಂಡಿದ್ದೆ. ಕಾಡು ಅಂದರೇನು ಎಂದು ತಿಳಿಯದೆ ಬೆಳೆದ ಮಲೆನಾಡಿನ ಹುಡುಗಿ ನಾನು, ನಗಬೇಡ.

ಚೌಡಿ ವಿಚಾರ ಕೇಳಿದ್ದೀಯ. ಚೌಡಿ ಇದ್ದಾಳೆ. ಸೊಪ್ಪು ಹಾಕು, ಕೈಮುಗಿ, ಮುಂದೆ ಹೋಗು. ಗುಡ್ಡ ಅಂದಮೇಲೆ ಗಾಳಿ ಇರುತ್ತದೆ.

ಮತ್ತೆ ಬರಿ.
ಹೂವಮ್ಮ


ಕೆಳಕೊಪ್ಪ
೫ ಮಾರ್ಚ್ ೨೦೨೪

ಹೂವಜ್ಜಿಗೆ,

ನಿಮ್ಮ ಕಾಗದ ಓದಿದಾಗಿನಿಂದ ನನಗೆ ಗುಡ್ಡದ ಹುಚ್ಚು ಹಿಡಿದಿದೆ. ಮಾವಿನ ಸಾಲಿನ ಕೆಳಗೆ ಕೆದಕಿದೆ. ಒಲೆಯ ಕಲ್ಲು ಸಿಕ್ಕಿತು, ಒಡೆದ ಬಸಿಯ ಚೂರು ಸಿಕ್ಕಿತು, ನೀಲಿ ಹೂವಿನದು. ಯಾರೋ ಆ ಬಸಿಯಲ್ಲಿ ಚಹಾ ಕುಡಿದು ಕೆಲಸಕ್ಕೆ ಹೋಗಿದ್ದಾರೆ! ಇವರಿಗೆ ತೋರಿಸಿದರೆ, "ತೊಳ್ದಿಡೋಕೆ ನೀರೆಲ್ಲಿದೆ ಮಾರಾಯ್ತಿ?" ಅಂದರು.

ಅವರು ಹೇಳಿದ್ದು ನಿಜ. ಅಬ್ಬಿ ನೀರು ನಿಂತುಹೋಗಿದೆ. ಗುಡ್ಡದಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ ಎಂದು ಅದೊಂದನ್ನೇ ನಂಬಿದ ಊರು ನಮ್ಮದು. ಹೋದ ಮಳೆಗಾಲ ಕೈಕೊಟ್ಟಿತು, ಪಂಚಾಯತಿಯ ಬೋರಿನಲ್ಲಿ ಧೂಳು ಎದ್ದಿತು. ಟ್ಯಾಂಕರ್ ದಿನ ಬಿಟ್ಟು ದಿನ, ಮನೆಗೊಂದು ಡ್ರಮ್. ನನ್ನ ಹಸುಗಳು ಅಷ್ಟನ್ನೂ ಕುಡಿದು ನನ್ನ ಮುಖ ನೋಡುತ್ತವೆ. ಇವರು ಹೇಗಿದ್ದರೂ ಪಿಕಪ್ ಓಡಿಸುವವರು. ಹೊಸನಗರದಲ್ಲಿ ಬಾಡಿಗೆ ಮನೆ ನೋಡಿ ಬಂದಿದ್ದಾರೆ. ಮೇ ತಿಂಗಳೊಳಗೆ ಹೋಗಿಬಿಡೋಣ, ಮತ್ತೆ ವಾಪಸ್ ಬರುವ ಮಾತಿಲ್ಲ ಅನ್ನುತ್ತಾರೆ. ಇವರು ಹೋದರೆ ಉಳಿದ ಮನೆಯವರೂ ಒಬ್ಬೊಬ್ಬರಾಗಿ ಗಂಟು ಕಟ್ಟುತ್ತಾರೆ. ನನಗೆ ಹೋಗುವ ಮನಸ್ಸು ಒಂದು ಚೂರೂ ಇಲ್ಲ. ಹಸು ಮಾರಬೇಕು, ಅದೊಂದು ಸಂಕಟ. ಅದಕ್ಕಿಂತ ಹೆಚ್ಚಿನದು, ಈ ಜಾಗ ನನ್ನದು ಅಂತ ಈಗೀಗ ಅನ್ನಿಸತೊಡಗಿದೆ ಅಜ್ಜಿ.

ಅದಕ್ಕೇ ಕೇಳುತ್ತೇನೆ. ಗುಡ್ಡವೆಲ್ಲ ಒಣಗಿ ದರಗಾಗಿದೆ, ಚೌಡಿಯ ಹಿಂದೆ ಮಾತ್ರ ಜರಿಗಿಡ ಹಸಿರಾಗಿ ನಿಂತಿದೆ. ರಾಶಿಯ ಪಕ್ಕದ ಮಣ್ಣಿಗೆ ಹಾರೆ ಊರಿ ತೆಗೆದೆ, ತುದಿ ಒದ್ದೆ. ಅಲ್ಲಿ ನೀರಿದೆ. ಮೇಲಿನ ಮನೆಯ ಮಂಜುನಾಥಣ್ಣ ನಮ್ಮ ಪಂಚಾಯತಿಯ ನೀರುಗಂಟಿ, ಪೈಪು ನಲ್ಲಿ ನೋಡಿಕೊಳ್ಳುವವರು. ಅವರೂ ಇದೆ ಅನ್ನುತ್ತಾರೆ. ಆದರೆ ರಾಶಿಗೆ ಕೈ ಹಚ್ಚಲು ಯಾರೂ ತಯಾರಿಲ್ಲ. ಅವರ ತಾಯಿ ಶಾಂತಮ್ಮನವರಂತೂ ದಾರಿಗೆ ಅಡ್ಡ ನಿಂತುಬಿಟ್ಟರು. "ಅದು ಬಂಗಾರಮ್ಮ ಕೂರ್ಸಿದ್ ಚೌಡಿ. ಆ ಮನೆ ಹೆಣ್ಮಗಳು ಹೂವಮ್ಮ ಸಾಗರದಲ್ಲಿ ಗಟ್ಟಿಯಾಗಿದಾಳೆ. ಅವಳ ಬಾಯಲ್ಲಿ ಬರ್ದೆ ಒಂದೆಲೆ ತೆಗೆಯಂಗಿಲ್ಲ" ಅಂದರು. ಅದಕ್ಕೆ ಎಲ್ಲರೂ ಒಪ್ಪಿದ್ದಾರೆ.

ನಿಮ್ಮ ಒಂದು ಮಾತು ಸಾಕು.

ಸ್ವಪ್ನಾ


ಸಾಗರ
೧೫ ಮಾರ್ಚ್ ೨೦೨೪

ಸ್ವಪ್ನಾಗೆ,

ಸೊಪ್ಪಿನ ಹಿಂದೆ ಏನೂ ಇಲ್ಲ. ಯಾವ ಸುರಂಗವೂ ಇಲ್ಲ. ಚೌಡಿ ಜಾಗವನ್ನು ಕೆದಕಬೇಡಿ.

ರವಿಗೆ ಪೇಟೆಯಲ್ಲಿ ನಿಮ್ಮ ಕಡೆಯವರು ಯಾರೋ ಸಿಕ್ಕಿದ್ದರಂತೆ. ಮಸಿಗುಡ್ಡೆಗೆ ಒಬ್ಬ ಮಿಷನ್ ಹಿಡಿದುಕೊಂಡು ಬಂದಿದ್ದ, ಗೌತಮನೇ ಗಾಡಿಯಲ್ಲಿ ಕೂರಿಸಿಕೊಂಡು ಬಂದ ಎಂದು ಹೇಳಿದರಂತೆ. ನೀನು ಬರೆದ ಕಾಗದದಲ್ಲಿ ಆ ಸುದ್ದಿಯೇ ಇಲ್ಲ. ಈಗ ಗೊತ್ತಾಯಿತು, ಕಪ್ಪು ಕಲ್ಲು ಎಲ್ಲಿದೆ, ಗುಂಡಿ ಎಲ್ಲಿದೆ ಎಂದು ನೀನು ನನ್ನನ್ನು ಕೆದಕಿ ಕೆದಕಿ ಕೇಳಿದ್ದು ಯಾಕೆ ಅಂತ. ಕಂಪನಿ ಮತ್ತೆ ಬರುತ್ತಿದೆಯೇನು? ಒಂದು ಸಲ ಬಂದುಹೋದದ್ದಕ್ಕೆ ಆ ಗುಡ್ಡ ಚಿಗುರಲು ನನ್ನ ಅರ್ಧ ಆಯಸ್ಸು ಹಿಡಿಯಿತು. ಹೊರಗಿನಿಂದ ಬಂದವಳಿಗೆ ಅದು ತಿಳಿಯುವುದಿಲ್ಲ.

ಹೂವಮ್ಮ


ಕೆಳಕೊಪ್ಪ
೨೨ ಮಾರ್ಚ್ ೨೦೨೪

ಅಜ್ಜಿಗೆ,

ಮಿಷನ್ ಹಿಡಿದು ಬಂದವರು ನೀರು ನೋಡುವವರು, ತೀರ್ಥಹಳ್ಳಿಯಿಂದ. ನಾನು ಕಾಗದ ಹಾಕಿದ ಮೇಲೆ ಬಂದದ್ದು, ಮಂಜುನಾಥಣ್ಣ ಕರೆಸಿದ್ದು. ಚೌಡಿಯ ಹತ್ತಿರ ಅವರ ಮಿಷನ್ ಕೂಗಿದ್ದೇ ಕೂಗಿದ್ದು.

ಕಂಪನಿಗೆ ಗುಡ್ಡ ತೋರಿಸಿಕೊಡುವವಳು ಅಂದುಕೊಂಡಿರಲ್ಲ, ನನಗೆ ಅಳು ಬಂತು. ಹೊರಗಿನವಳು ಎಂದು ಬರೆದದ್ದಕ್ಕೂ. ಅಳು ನಿಂತ ಮೇಲೆ ನಿಮ್ಮ ಕಾಗದವನ್ನು ಮತ್ತೆ ಓದಿದೆ. ನಾನು ನೀರಿದೆ ಎಂದಷ್ಟೇ ಬರೆದಿದ್ದೆ. ಸುರಂಗ ಎಂದು ನಾನು ಎಲ್ಲೂ ಬರೆದಿರಲಿಲ್ಲ. ಇಲ್ಲ ಅನ್ನಲು ಹೋಗಿ ಇದೆ ಎಂದು ನೀವೇ ಹೇಳಿದ ಹಾಗಾಯಿತು.

ಇನ್ನು ನಿಮ್ಮನ್ನು ಏನೂ ಕೇಳುವುದಿಲ್ಲ. ನಾನೇ ನೋಡಿಕೊಳ್ಳುತ್ತೇನೆ.

ಸ್ವಪ್ನಾ


ಸಾಗರ
೨ ಏಪ್ರಿಲ್ ೨೦೨೪
(ಪೋಸ್ಟ್ ಕಾರ್ಡು)

ಸ್ವಪ್ನಾ, ನಾನೇ ನೋಡಿಕೊಳ್ಳುತ್ತೇನೆ ಅಂದರೆ ಏನು ಅರ್ಥ? ಕೂಡಲೇ ಬರಿ. ರವಿ ಫೋನ್ ಮಾಡಿದರೆ ನಿಮ್ಮ ಯಾರ ಫೋನೂ ಸಿಗುತ್ತಿಲ್ಲವಂತೆ. ಬೈದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಹೂವಮ್ಮ.


ಸಾಗರ
೧೨ ಏಪ್ರಿಲ್ ೨೦೨೪

ಸ್ವಪ್ನಾ ಮಗಾ,

ಯುಗಾದಿಯೂ ಕಳೆಯಿತು, ನಿನ್ನಿಂದ ಸುದ್ದಿಯಿಲ್ಲ. ನೀನು ಹಟದವಳು ಎಂದು ನಿನ್ನ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಸೊಪ್ಪು ಸರಿಸಿ ಒಳಗೆ ನುಗ್ಗಿಬಿಟ್ಟಿದ್ದೀಯೋ ಏನೋ ಎಂದು ನನಗೆ ಭಯ. ದಮ್ಮಯ್ಯ, ಹೋಗಬೇಡ. ಯಾಕೆ ಎಂದು ಹೇಳುತ್ತೇನೆ. ಇದನ್ನು ನಾನು ಕಟ್ಟಿಕೊಂಡ ಗಂಡನಿಗೂ ಹೇಳಿದವಳಲ್ಲ.

ಸುರಂಗ ಇದೆ. ಕಂಪನಿ ಹೋದಮೇಲೆ ಅದು ಬಾಯಿ ತೆರೆದುಕೊಂಡೇ ಇತ್ತು. ಒಳಗೆ ಸೂರು ಬೀಳದ ಹಾಗೆ ಉದ್ದಕ್ಕೂ ಕಂಬ ಕೊಟ್ಟಿದ್ದರು, ಎಲ್ಲ ಕಿರಾಲುಬೋಗಿ ಮರ, ನೀರಲ್ಲಿ ನಿಂತರೂ ಕೊಳೆಯದ್ದು. ಗುಡ್ಡದ ಮೇಲೆ ಆ ಜಾತಿಯ ಮರ ಒಂದೂ ಉಳಿದಿರಲಿಲ್ಲ, ಉಳಿದದ್ದು ಗುಡ್ಡದ ಹೊಟ್ಟೆಯಲ್ಲಿ. ಕೂಲಿ ಇಲ್ಲದೆ ಕೂತ ಗಂಡಸರಿಗೆ ಮರದ ವ್ಯಾಪಾರಿಯೊಬ್ಬ ಆಸೆ ಹಚ್ಚಿದ. ಇವರು ಒಳಗೆ ಹೋಗುವುದು, ತುದಿಯಿಂದ ಒಂದೊಂದೇ ಕಂಬ ಕಿತ್ತು ಹೊರಗೆ ಎಳೆದು ತರುವುದು. ಕಿತ್ತಷ್ಟೂ ಮೇಲಿನ ಮಣ್ಣು ಉದುರುವುದು. ಊರಿನ ಗಂಡಸರೆಲ್ಲ ಅದೇ ಕೆಲಸಕ್ಕೆ ಬಿದ್ದರು, ನಮ್ಮ ಅಪ್ಪ ಮುಂದಾಳು.

ಅವ್ವ ಬೇಡ ಅಂದಳು, ಅತ್ತಳು, ಊಟ ಬಿಟ್ಟಳು. ಅಪ್ಪ ನಕ್ಕ. ಒಂದು ದಿನ ತಲೆಯಿಂದ ಕಾಲಿನವರೆಗೂ ಮಣ್ಣಾಗಿ ಬಂದ. ಅವನ ಬೆನ್ನ ಹಿಂದೆಯೇ ಸೂರು ಕುಸಿದಿತ್ತು. "ನಾಳೆ ಈಚೆ ಬದೀದು ಕೀಳಾಣ" ಎನ್ನುತ್ತ ಊಟಕ್ಕೆ ಕೂತ. ಅವ್ವ ಬಡಿಸಿದಳು.

ಬೆಳಿಗ್ಗೆ ಕೋಳಿ ಕೂಗುವಾಗ ನನ್ನನ್ನು ಎಬ್ಬಿಸಿದಳು. ಹಳ್ಳಕ್ಕೆ ಇಳಿದು, ನಾವು ಬಟ್ಟೆ ಒಗೆಯುವ ಕಲ್ಲನ್ನು ಎಬ್ಬಿಸಿ ತಲೆಯ ಮೇಲೆ ಹೊತ್ತಳು. ನಾನು ಕುಂಕುಮದ ಡಬ್ಬಿ ಹಿಡಿದುಕೊಂಡು ಹಿಂದೆ ಹಿಂದೆ ಓಡಿದೆ. ಸುರಂಗದ ಬಾಯಿಗೆ ಕಲ್ಲು ಮಗುಚಿ ಕೂರಿಸಿ, ಕುಂಕುಮ ಬಳಿದು, ಒಂದು ಟೊಂಗೆ ಸೊಪ್ಪು ಇಟ್ಟಳು. ಆಮೇಲೆ ಹಳ್ಳದಲ್ಲಿ ಮುಳುಗಿ, ತಲೆ ಬಿಚ್ಚಿಕೊಂಡು, ಊರ ನಡುವೆ ಬಂದು ನಿಂತು ನಡುಗಿದಳು ನೋಡು! ಕನಸಲ್ಲಿ ಚೌಡಿ ಬಂದಿದ್ಲು, ಒಳಗೆ ಕಾಲಿಟ್ಟವರ ವಂಶ ಉಳಿಸೋದಿಲ್ಲ ಅಂದ್ಲು, ಹಾದು ಹೋಗೋರೆಲ್ಲ ಸೊಪ್ಪು ಹಾಕ್ಬೇಕು ಅಂದ್ಲು. ಹೆಂಡತಿಯ ಮಾತಿಗೆ ನಗುತ್ತಿದ್ದ ಗಂಡಸರೆಲ್ಲ ಚೌಡಿಯ ಮಾತಿಗೆ ತೆಪ್ಪಗಾದರು. ಅಪ್ಪ ಮೊದಲ ಟೊಂಗೆ ಹಾಕಿದ. ಒಬ್ಬ ಗಂಡಸಿಗೂ ಆ ಕಲ್ಲಿನ ಗುರುತು ಸಿಗಲಿಲ್ಲ. ಒಂದು ದಿನವಾದರೂ ಬಟ್ಟೆ ಒಗೆದಿದ್ದರೆ ತಾನೆ?

ನಗು ಬರುತ್ತದೆ ಅಲ್ಲವಾ? ಅವ್ವ ನಗಲಿಲ್ಲ. ಯಾರಾದರೂ ಕಂಡುಹಿಡಿದಾರು ಎಂದು ಜೀವಮಾನವೆಲ್ಲ ಹೆದರಿದಳು. ನನ್ನ ಮದುವೆಯ ದಿನ ಕೋಣೆಗೆ ಕರೆದು, "ಇದು ನಂಗ್ ಬಿಟ್ರೆ ನಿಂಗ್ ಒಬ್ಳಿಗೇ ಗೊತ್ತು. ದೇವ್ರ ಹೆಸ್ರಲ್ಲಿ ಸುಳ್ಳಾಡ್ದೋಳು ಅಂತ ಊರಿಗ್ ತಿಳಿದ್ರೆ ನಾ ಹಳ್ಳಕ್ಕೆ ಬೀಳ್ತೀನಿ" ಅಂದಳು. ನೀನು ಕೇಳಿದಾಗ ನಾನು ಮುಚ್ಚಿಟ್ಟದ್ದು ಅದಕ್ಕೆ. ಬೈದದ್ದು ಭಯಕ್ಕೆ. ನೀನು ಹೊರಗಿನವಳಲ್ಲ, ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ.

ನೀರು ಇರುವುದು ನಿಜ. ಆಗೆಲ್ಲ ಸುರಂಗದ ಬಾಯಿಂದ ತೊರೆಯಂತೆ ಹರಿದು ಬರುತ್ತಿತ್ತು. ಇಷ್ಟು ವರ್ಷ ಹಾಕಿದ ಸೊಪ್ಪೆಲ್ಲ ಕೊಳೆತು ಮಣ್ಣಾಗಿ ಬಾಯಿ ಕಟ್ಟಿರಬೇಕು. ನಾವು ಹೆದರಿಕೆಗೆ ಹಾಕಿದ್ದೇ ಒಡ್ಡಾಗಿ ಕೂತಿದೆ. ಆದರೆ ಸುರಂಗದ ಒಳಗೆ ಒಂದು ತಿರುವಿದೆ, ಅದರ ಆಚೆ ಕಂಬ ಇಲ್ಲ, ಮರೆಯಬೇಡ. ಇನ್ನು ಹೇಳು, ಏನು ಮಾಡುವುದು?

ಹೂವಮ್ಮ


ಮೇಳಿಗೆ
೨೨ ಏಪ್ರಿಲ್ ೨೦೨೪

ಅಜ್ಜಿ,

ನಿಮ್ಮ ಕಾರ್ಡೂ ಕಾಗದವೂ ಕೆಳಕೊಪ್ಪದಲ್ಲಿ ಬಿದ್ದಿದ್ದವು, ಇವರು ನಿನ್ನೆ ಒಟ್ಟಿಗೆ ತಂದುಕೊಟ್ಟರು. ನಾನು ಸುರಂಗಕ್ಕೆ ನುಗ್ಗಿಲ್ಲ. ಹಸುಗಳಿಗೆ ನೀರಿಲ್ಲದೆ ಪಿಕಪ್ಪಿನಲ್ಲಿ ಹೇರಿಕೊಂಡು ತವರಿಗೆ ಬಂದಿದ್ದೆ. ಕೋಪ ಇತ್ತು, ಅದಕ್ಕೆ ಬರೆಯಲಿಲ್ಲ. ಈಗ ನನ್ನ ಮೇಲೇ ಕೋಪ ಬರುತ್ತಿದೆ.

ನಿಮ್ಮ ಕಾಗದವನ್ನು ಕೊಟ್ಟಿಗೆಯಲ್ಲಿ ಕೂತು ಓದಿದೆ. ಬಂಗಾರಮ್ಮಜ್ಜಿ ಒದ್ದೆ ಸೀರೆಯಲ್ಲಿ ಊರ ನಡುವೆ ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ಹೆದರುತ್ತಿದ್ದರಂತೆ! ನಾನಾಗಿದ್ದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಆಮೇಲೆ ಯೋಚನೆ ಮಾಡಿದೆ, ಹೇಳಿಕೊಂಡಿದ್ದರೆ ಮರುದಿನವೇ ಗಂಡಸರು ಒಳಗೆ ಹೋಗುತ್ತಿದ್ದರು.

ಈಗ ನನಗೂ ಅದೇ ಪೇಚು. ನಿಜ ಹೇಳಿದರೆ ಸೊಪ್ಪು ತೆಗೆಯುತ್ತಾರೆ, ಜೊತೆಗೆ ನಾಲ್ಕು ಹುಡುಗರು ಟಾರ್ಚು ಹಿಡಿದು ಒಳಗೂ ಹೋಗುತ್ತಾರೆ, ಫೋನಿನಲ್ಲಿ ವಿಡಿಯೋ ಮಾಡಲು. ಹೇಳದಿದ್ದರೆ ಯಾರೂ ಎಲೆ ಮುಟ್ಟುವುದಿಲ್ಲ. ಹೊಸನಗರದ ಮನೆಗೆ ಇವರು ಮೇ ಹದಿನೈದರಂದು ಬರುತ್ತೇವೆ ಎಂದು ಮಾತು ಕೊಟ್ಟಾಗಿದೆ. ನನಗೆ ಏನೂ ತೋಚುತ್ತಿಲ್ಲ.

ಸ್ವಪ್ನಾ


ಸಾಗರ
೩ ಮೇ ೨೦೨೪

(ಎಲ್ಲರೆದುರು ಓದುವುದು)

ಕೆಳಕೊಪ್ಪದ ಸಮಸ್ತರಿಗೂ ಮಾಸ್ತಪ್ಪ ಬಂಗಾರಮ್ಮನವರ ಮಗಳು ಹೂವಮ್ಮ ತಿಳಿಸುವುದೇನೆಂದರೆ, ಹೋದ ಮಂಗಳವಾರ ಬೆಳಗಿನ ಜಾವ ಮಸಿಗುಡ್ಡೆಯ ಚೌಡಿ ನನ್ನ ಕನಸಿನಲ್ಲಿ ಬಂದಳು. ಸುರಂಗದ ಬಾಯಲ್ಲಿ ಕೂತು ಕೂತು ಸಾಕಾಯಿತು, ನನ್ನನ್ನು ಮೇಲೆ ದಿಬ್ಬದಲ್ಲಿ ನೇರಳೆ ಮರದ ಬುಡಕ್ಕೆ ಕರೆದುಕೊಂಡು ಹೋಗಿ ಎಂದಳು. ಹಿಂದೆ ಇರುವ ನೀರು ನಿಮ್ಮದು, ನಿಧಾನಕ್ಕೆ ಬಿಡಿಸಿಕೊಳ್ಳಿ ಎಂದಳು. ನೀರು ಹೊರಗೆ ಬರಲಿ, ಆದರೆ ಮನುಷ್ಯರು ಒಳಗೆ ಕಾಲಿಟ್ಟರೆ ಬಿಡುವುದಿಲ್ಲ ಎಂದು ಕಣ್ಣು ಕೆಂಪಗೆ ಮಾಡಿ ಹೇಳಿದಳು. ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿ ಬೀಗ ಜಡಿಯಬೇಕಂತೆ. ಇದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ.

(ಇದು ನಿನಗೆ ಮಾತ್ರ)

ಸ್ವಪ್ನಾ, ಕನಸೂ ಇಲ್ಲ ಗಿನಸೂ ಇಲ್ಲ. ಮಂಗಳವಾರ ಮಂಡಿನೋವಿಗೆ ನಿದ್ದೆಯೇ ಬಂದಿರಲಿಲ್ಲ. ಜಾಲರಿ ಬೀಗದ ವಿಚಾರ ಚೌಡಿಯ ಬಾಯಿಗೆ ಸರಿಹೊಂದುತ್ತದೋ ಇಲ್ಲವೋ ಎಂದು ಬಹಳ ಯೋಚಿಸಿದೆ. ಕೊನೆಗೆ, ಇಂದಿನ ಕಾಲಕ್ಕೆ ಚೌಡಿಗೂ ಇಷ್ಟು ತಿಳಿದಿರುತ್ತದೆ ಎಂದು ಬರೆದೆ. ಗಟ್ಟಿ ದನಿಯಲ್ಲಿ ಓದು. ನಗಬೇಡ.


ಕೆಳಕೊಪ್ಪ
೧೯ ಮೇ ೨೦೨೪

ಹೂವಜ್ಜಿಗೆ,

ನೀರು ಬಂತು!

ಮೊದಲಿನಿಂದ ಹೇಳುತ್ತೇನೆ. ನಿಮ್ಮ ಕಾಗದವನ್ನು ಶಾಲೆಯ ಜಗುಲಿಯಲ್ಲಿ ಓದಿದೆ. ಬೀಗ ಎಂದಾಗ ಯಾರಾದರೂ ನಗುತ್ತಾರೆ ಅಂದುಕೊಂಡಿದ್ದೆ. ಒಬ್ಬರೂ ನಗಲಿಲ್ಲ. ಇವರು ಮುಂದೆ ಬಂದು, "ಜಾಲ್ರಿ ನಾ ಮಾಡಿಸ್ಕಂಡ್ ಬರ್ತೀನಿ" ಅಂದರು. ಶಾಂತಮ್ಮನವರು ಕಣ್ಣೊರೆಸಿಕೊಂಡು, "ಹೂವಮ್ಮ ಹೇಳಿದ್ಲಲ್ಲ, ಇನ್ನೇನು" ಎಂದು ಎದ್ದರು.

ಒಟ್ಟಿಗೆ ಅಗೆದರೆ ತುಂಬಿ ನಿಂತ ನೀರು ಮೈಮೇಲೆ ನುಗ್ಗುತ್ತದೆ ಎಂದು ಮಂಜುನಾಥಣ್ಣ ಹೇಳಿದರು. ಅದಕ್ಕೆ ರಾಶಿಯ ಬುಡದಲ್ಲಿ ಉದ್ದನೆಯ ಕಬ್ಬಿಣದ ಪೈಪನ್ನು ಸುತ್ತಿಗೆಯಿಂದ ಹೊಡೆಯುತ್ತ ಒಳಗೆ ಕಳಿಸಿದರು. ಮಧ್ಯಾಹ್ನದವರೆಗೂ ಏನಿಲ್ಲ. ಇವರು ನನ್ನ ಕಡೆ ನೋಡುವುದು, ನಾನು ಮರದ ಕಡೆ ನೋಡುವುದು. ಆಮೇಲೆ ಪೈಪು ಒಮ್ಮೆ ಕೆಮ್ಮಿ ಕಪ್ಪು ಕೆಸರು ಉಗುಳಿತು. ಮಂಜುನಾಥಣ್ಣನ ಬಿಳಿ ಪಂಚೆ ಹೋಯಿತು. ಮರುದಿನವೂ ಮಸಿಯೇ. ಮೂರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ತಿಳಿ ನೀರು. ಪೂರ್ತಿ ಇಳಿದ ಮೇಲೆ ಬಾಯಿ ಬಿಡಿಸಿದೆವು. ಒಳಗೆ ಕಾಲಿಡದೆ, ಹೊರಗಿನಿಂದಲೇ ಟಾರ್ಚು ಹಾಕಿದೆ. ನಿಮ್ಮ ಕಿರಾಲುಬೋಗಿ ಕಂಬಗಳು ಹಾಗೇ ನಿಂತಿವೆ ಅಜ್ಜಿ. ತಬ್ಬಲು ಆಗದಂಥ ಮರಗಳನ್ನು ಈ ಗುಡ್ಡದಲ್ಲಿ ಕೊನೆಗೂ ಕಂಡೆ. ನೀರಿನ ಸ್ಯಾಂಪಲ್ ಪರೀಕ್ಷೆಗೆ ಹೋಗಿದೆ, ಮರಳಿನಲ್ಲಿ ಸೋಸದೆ ಕುಡಿಯಬೇಡಿ ಅಂದಿದ್ದಾರೆ. ಸದ್ಯಕ್ಕೆ ದನ, ಬಟ್ಟೆ, ಸ್ನಾನ. ಇವರು ಹೊಸನಗರದ ಮನೆಯವರಿಗೆ ಬರುವುದಿಲ್ಲ ಎಂದು ಹೇಳಿ ಬಂದರು. ನಾಳೆ ಹಸುಗಳು ವಾಪಸ್.

ಈಗ ಮುಖ್ಯ ವಿಷಯ. ಪೈಪು ಹೊಡೆಯುವ ಮೊದಲು ಚೌಡಿಯನ್ನು ಎತ್ತಬೇಕಲ್ಲ. ಗಂಡಸರು ಮುಟ್ಟಬಾರದು ಎಂದು ಶಾಂತಮ್ಮ ಎಲ್ಲರನ್ನೂ ದೂರ ನಿಲ್ಲಿಸಿದರು. ಅವರೂ ನಾನೂ ಮಣ್ಣು ಬಿಡಿಸಿ ಕಲ್ಲನ್ನು ಮಗುಚಿದೆವು. ಕೆಳಮುಖ ನುಣ್ಣಗೆ ಸವೆದಿತ್ತು, ನಡುವೆ ಸ್ವಲ್ಪ ತಗ್ಗು, ಯಾವ ಹೆಂಗಸು ನೋಡಿದರೂ ಗೊತ್ತಾಗುವ ಹಾಗೆ. ಶಾಂತಮ್ಮ ಸೆರಗು ಹಾಸಿ ಅದನ್ನು ಮುಚ್ಚಿ, ಮೆಲ್ಲಗೆ, "ಈ ಮಖ ಕೆಳಗೇ ಇರ್ಲಿ ಮಗಾ. ಅವ್ರಿಗೆ ಕಾಣದ್ ಬ್ಯಾಡ" ಅಂದರು.

ನಾನು ಅವರ ಮುಖ ನೋಡಿದೆ.

"ನಮ್ಮತ್ತೆ ಸಾಯೋ ಮುಂಚೆ ಹೇಳಿದ್ರು. ಬಂಗಾರಮ್ಮ ಕಲ್ಲು ಹೊತ್ಕಂಡ್ ಹೋಗಿದ್ದನ್ನ ಅವ್ರು ಹಳ್ಳದ್ ದಂಡೇಲಿ ನಿಂತು ನೋಡಿದ್ರಂತೆ. ಅವತ್ತೇ ಊರಿನ ಹೆಂಗಸ್ರಿಗೆಲ್ಲ ಗೊತ್ತಾಯ್ತಂತೆ, ಒಗೆಯಕ್ ಹೋದ್ರೆ ಕಲ್ಲೇ ಇಲ್ವಲ್ಲ! ಯಾರೂ ಬಾಯಿ ಬಿಡ್ಲಿಲ್ಲ. ಅವರವರ ಗಂಡಂದ್ರೂ ಒಳಗ್ ಹೋಗ್ತಿದ್ರಲ್ಲ. ಎಲ್ರೂ ಹೋಗಿ ಒಂದೊಂದ್ ಟೊಂಗೆ ಇಟ್ಟು ಬಂದ್ರಂತೆ."

ಮೂವತ್ತೊಂದನೇ ತಾರೀಕು ಶುಕ್ರವಾರ ನೇರಳೆ ಮರದ ಬುಡದಲ್ಲಿ ಕೂರಿಸುವುದು. ನೀವೇ ಬಂದು ಕೂರಿಸಬೇಕು ಎಂದು ಹೆಂಗಸರೆಲ್ಲ ಹಟ ಹಿಡಿದಿದ್ದಾರೆ. ಬರುತ್ತೀರಾ?

ಸ್ವಪ್ನಾ


ಸಾಗರ
೨೫ ಮೇ ೨೦೨೪

ಸ್ವಪ್ನಾ ಮಗಾ,

ನೀರು ಬಂದದ್ದಕ್ಕೆ ಸಂತೋಷ. ನೀವು ಊರಲ್ಲೇ ಉಳಿದದ್ದಕ್ಕೆ ಅದಕ್ಕಿಂತ ಹೆಚ್ಚು.

ನಿನ್ನ ಕಾಗದ ಓದಿ ನಾನು ಅತ್ತದ್ದು ನೋಡಿ ಮನೆಯವರು ಯಾರೋ ತೀರಿಹೋದರು ಅಂದುಕೊಂಡರು.

ಅವ್ವ ಕೊನೆಗಾಲದಲ್ಲಿ ಮಲಗಿದಲ್ಲೇ ಇದ್ದಾಗ ಊರಿನ ಹೆಂಗಸರು ದಿನವೂ ಬಂದು ಕೂರುತ್ತಿದ್ದರು. ಒಬ್ಬಳು ಗಂಜಿ ತರುವಳು, ಒಬ್ಬಳು ತಲೆ ಬಾಚುವಳು, ಶಾಂತಮ್ಮನ ಅತ್ತೆ ಕಾಲು ಒತ್ತುವಳು. ಅವರು ಬಂದಾಗೆಲ್ಲ ಅವ್ವ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಅವರು ಹೋದಮೇಲೆ ನನ್ನ ಕೈ ಹಿಡಿದು, "ಇಷ್ಟ್ ಒಳ್ಳೇರಿಗೆ ಸುಳ್ಳು ಹೇಳಿದ್ನಲ್ಲೇ" ಎನ್ನುತ್ತಿದ್ದಳು. ಅವಳ ಕೊನೆಯ ಮಾತೂ ಅದೇ. ಕಾಲು ಒತ್ತುತ್ತಿದ್ದವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದೆ ಎಂದರೆ ಬಂಗಾರಮ್ಮ ನಾಚಿಕೆಪಟ್ಟಾಳು ಎಂದು ಅವರು ಹೇಳಲಿಲ್ಲ. ತಿಳಿದರೆ ಉಗಿದಾರು ಎಂದು ಇವಳು ಹೇಳಲಿಲ್ಲ. ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ನನ್ನ ಅವ್ವ ನೆಮ್ಮದಿಯಿಂದ ಸಾಯುತ್ತಿದ್ದಳಲ್ಲೇ ಸ್ವಪ್ನಾ.

ಶುಕ್ರವಾರ ಬರುತ್ತೇನೆ. ಗೌತಮನಿಗೆ ಬಸ್‌ಸ್ಟ್ಯಾಂಡಿಗೆ ಬರಲು ಹೇಳು. ಕಲ್ಲು ಕೂರಿಸುವ ಮೊದಲು ಗಂಡಸರನ್ನೆಲ್ಲ ಯಾವುದಾದರೂ ಕೆಲಸಕ್ಕೆ ದೂರ ಕಳಿಸಿ, ಹೆಂಗಸರು ಮಾತ್ರ ಇರಿ. ಆ ನುಣ್ಣನೆಯ ಮುಖವನ್ನು ಒಮ್ಮೆ ಮೇಲೆ ಮಾಡಿ ಎಲ್ಲರೆದುರು ನೀರು ಹಾಕಿ ತೊಳೆಯುತ್ತೇನೆ. ಆಮೇಲೆ ಮತ್ತೆ ಕೆಳಗೆ ಮಾಡಿ ಕೂರಿಸೋಣ.

ಹೂವಮ್ಮ